ಬೆಳಕುಣ್ಣುವ ಹವಳ

ಸಂಸ್ಕೃತದಲ್ಲಿ ಹವಳಕ್ಕೆ ಎರಡು ಹೆಸರುಗಳು ಪ್ರಸಿದ್ಧವಾಗಿವೆ: ವಿದ್ರುಮ ಮತ್ತು ಪ್ರವಾಳ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇವು ಹೊಸವೇನಲ್ಲ. 'ದ್ರುಮ' ಎಂದರೆ ಮರ. 'ವಿದ್ರುಮ'ವೆಂದರೆ ವಿಲಕ್ಷಣವಾದ ಮರ. 'ಪ್ರವಾಳ'ಕ್ಕೆ ಚಿಗುರು ಎಂಬ ಅರ್ಥವೂ ಉಂಟು. ಈ ಪ್ರವಾಳವೇ ಪ್ರಾಕೃತದ ಹಾದಿಯಾಗಿ ಬಂದು ಹಳಗನ್ನಡದಲ್ಲಿ 'ಪವಳ'ವಾಯಿತು. ಪಕಾರವು ಹಕಾರವಾದ ಕಾಲಕ್ಕೆ 'ಹವಳ'ವಾಗಿ, ನಮ್ಮ ಹೆಣ್ಣುಮಕ್ಕಳ ಕರಿಮಣಿಯ ಸರದಲ್ಲಿ ನೆಲೆಸಿತು. ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ಹೇಳಿದಾಗಲೆಲ್ಲ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಕೇಳುತ್ತಾರೆ: "ಹಾಗಾದರೆ ಹವಳ ಗಿಡವೇ ಸಾರ್, ಕಲ್ಲೇ?" ಎರಡೂ ಅಲ್ಲ, ಪ್ರಾಣಿ ಎಂದು ನಾನು ಉತ್ತರ ಕೊಟ್ಟು ಮುಂದಿನ ಪದ್ಯಕ್ಕೆ ಹೋಗುವುದು ವಾಡಿಕೆ. ಆದರೆ ಆ ಒಂದು ಮಾತಿನ ಉತ್ತರದ ಹಿಂದೆ ಮುನ್ನೂರು ವರ್ಷಗಳ ವೃತ್ತಾಂತವಿದೆ. ಅದಕ್ಕಿಂತ ಸೋಜಿಗವೆಂದರೆ, ಆ ವೃತ್ತಾಂತದ ಬಹುಪಾಲು ನಡೆದದ್ದು ವಿಶಾಲವಾದ ಸಮುದ್ರದಲ್ಲಲ್ಲ. ಪಾತ್ರೆ, ಪೆಟ್ಟಿಗೆ, ಗಾಜಿನ ತೊಟ್ಟಿಗಳಲ್ಲಿ. ಹವಳವನ್ನು ನೀರಿನಲ್ಲಿಟ್ಟು, ಬೆಳಕಿಗೆ ಸರಿಸಿ, ಕತ್ತಲೆಗೆ ದೂಡಿ, ಮೇಲಿಟ್ಟು, ಕೆಳಗಿಟ್ಟು ನೋಡಿದವರಿಂದಲೇ ಅದು ಏನೆಂಬುದು ನಮಗೆ ತಿಳಿದುಬಂದಿದೆ.

ಹವಳವನ್ನು ಮರವೆಂದು ತಿಳಿದವರು ನಮ್ಮವರು ಮಾತ್ರವೇ ಅಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಪಂಡಿತ ಪ್ಲಿನಿ, ಹವಳವು ನೀರಿನೊಳಗೆ ಹಸುರಾದ ಪೊದೆಯಾಗಿರುತ್ತದೆಂದೂ ಅದರ ಹಣ್ಣುಗಳು ಬೆಳ್ಳಗೆ, ಮೆತ್ತಗೆ ಇರುತ್ತವೆಂದೂ ಹೊರಕ್ಕೆ ತೆಗೆದೊಡನೆ ಗಟ್ಟಿಯಾಗಿ ಕೆಂಪಾಗುತ್ತವೆಂದೂ ಬರೆದಿಟ್ಟಿದ್ದಾನೆ. ರೋಮನರು ಭಾರತದ ಮುತ್ತಿಗೆ ಎಷ್ಟು ಬೆಲೆ ಕೊಡುತ್ತಾರೆಯೋ ಭಾರತದವರು ಹವಳಕ್ಕೆ ಅಷ್ಟೇ ಬೆಲೆ ಕೊಡುತ್ತಾರೆಂಬ ಮಾತೂ ಅವನಲ್ಲಿದೆ. ಇದು ನಿಜ. ನವರತ್ನಗಳಲ್ಲಿ ಒಂದೆಂದು ನಾವು ಎಣಿಸಿದ ಕೆಂಪು ಹವಳ ನಮ್ಮ ಕಡಲಿನದಲ್ಲ, ಮೆಡಿಟರೇನಿಯನ್ ಸಮುದ್ರದ್ದು. ಪ್ರಾಚೀನ ಕಾಲದಲ್ಲಿ ಅದು ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದಿಳಿಯುತ್ತಿತ್ತು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೋ ಪಟ್ಟಣದ ಯೆಹೂದಿ ವರ್ತಕರು ಹವಳವನ್ನು ಗೋವೆಗೆ ಕಳುಹಿಸಿ ಅದಕ್ಕೆ ಬದಲಾಗಿ ವಜ್ರವನ್ನು ತರಿಸಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಯರ ಕೊರಳಿನ ಹವಳ ಎಷ್ಟು ದೂರದಿಂದ ಬಂದ ನೆಂಟನೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ಈ ದೂರದ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಬೇಡಿಕೊಳ್ಳುತ್ತೇನೆ; ಮುಂದೆ ಇದರಿಂದ ಕೆಲಸವಿದೆ.

1706ರಲ್ಲಿ ಮಾರ್ಸಿಲಿ ಎಂಬ ಇಟಲಿಯ ಪಂಡಿತನು ಫ್ರಾನ್ಸಿನ ಮಾರ್ಸೇಲ್ಸ್ ಕಡೆಯ ಕಡಲಿನಿಂದ ಆಗತಾನೆ ತೆಗೆದ ಕೆಂಪು ಹವಳದ ಕೊಂಬೆಗಳನ್ನು ಸಮುದ್ರದ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿಟ್ಟ. ಸ್ವಲ್ಪ ಹೊತ್ತಿನಲ್ಲಿ ಕೊಂಬೆಯ ಮೇಲೆಲ್ಲ ಎಂಟೆಂಟು ದಳಗಳ ಬಿಳಿಯ ಹೂಗಳು ಅರಳಿದುವು. ನೀರಿನಿಂದ ತೆಗೆದರೆ ಮುದುಡಿ ಮಾಯವಾದುವು. ಮತ್ತೆ ನೀರಿಗಿಟ್ಟರೆ ಮತ್ತೆ ಅರಳಿದುವು. ಹೂವನ್ನು ಕಂಡಮೇಲೆ ಗಿಡವಲ್ಲವೆನ್ನುವುದು ಹೇಗೆ? ಮಾರ್ಸಿಲಿಯ ಸಂತೋಷಕ್ಕೆ ಪಾರವಿರಲಿಲ್ಲ. ಹವಳ ಗಿಡವೆಂಬುದು ಸಿದ್ಧವಾಯಿತೆಂದೇ ಅವನ ನಂಬಿಕೆ.

ಅದೇ ಮಾರ್ಸೇಲ್ಸಿನ ವೈದ್ಯ ಪೇಸೊನೆಲ್ ಎಂಬಾತ 1720ರ ದಶಕದಲ್ಲಿ ಆಫ್ರಿಕದ ಉತ್ತರ ಕರಾವಳಿಯಲ್ಲಿ ಇದೇ ಪ್ರಯೋಗವನ್ನು ಇನ್ನಷ್ಟು ತಾಳ್ಮೆಯಿಂದ ಮಾಡಿದ. ಪಾತ್ರೆಯನ್ನು ಬೆಂಕಿಯ ಬಳಿಗೆ ಸರಿಸಿ ನೀರನ್ನು ಬೆಚ್ಚಗೆ ಮಾಡಿದ, 'ಹೂಗಳು' ಅರಳಿದುವು. ಮುಟ್ಟಿದರೆ ಸೆಳೆದುಕೊಂಡುವು. ಸತ್ತು ಕೊಳೆತಾಗ ಮೀನಿನ ವಾಸನೆ ಬಂತು. ಇವು ದಳಗಳಲ್ಲ, ಸಣ್ಣ ಪ್ರಾಣಿಗಳ ಕಾಲುಗಳು ಎಂದು ತೀರ್ಮಾನಿಸಿ ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿಗೆ ಬರೆದ. ಅಲ್ಲಿನ ಹಿರಿಯ ಪಂಡಿತ ರೇಮೂರ್ 1727ರಲ್ಲಿ ಈ ಅಭಿಪ್ರಾಯವನ್ನು ಸಭೆಯ ಮುಂದಿಟ್ಟಾಗ ಬರೆದವನ ಹೆಸರನ್ನೇ ಹೇಳಲಿಲ್ಲ. ಇಂಥ ಮಾತನ್ನಾಡಿದನೆಂಬ ಅಪಕೀರ್ತಿ ಅವನಿಗೆ ಬಾರದಿರಲೆಂಬ ದಾಕ್ಷಿಣ್ಯವಂತೆ! ಮುಂದೆ ಟ್ರೆಂಬ್ಲೆ ಎಂಬಾತ ಸಿಹಿನೀರಿನ ಹೈಡ್ರಾ ಗಿಡದಂತೆ ಕಾಣುವ ಪ್ರಾಣಿಯೆಂದು ತೋರಿಸಿಕೊಟ್ಟ ಬಳಿಕ, 1742ರಲ್ಲಿ ರೇಮೂರ್ ಪೇಸೊನೆಲ್ಲನ ಹೆಸರನ್ನು ಗೌರವದಿಂದ ಹೇಳಿ ಸರಿಪಡಿಸಿಕೊಂಡ. ಅಷ್ಟರಲ್ಲಿ ಪೇಸೊನೆಲ್ ಮನನೊಂದು, ಸಾಗರದಾಚೆಯ ಗ್ವಾಡಲೂಪ್ ದ್ವೀಪದಲ್ಲಿ ವೈದ್ಯನಾಗಿದ್ದ. 1759ರಲ್ಲಿ ಅಲ್ಲಿಯೇ ತೀರಿಕೊಂಡ. ವಿದ್ವಾಂಸರ ದಾಕ್ಷಿಣ್ಯವೂ ಒಮ್ಮೊಮ್ಮೆ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಹವಳವನ್ನು ನಾಲ್ಕು ದಿನ ನೋಡಿ ಬಿಡುವುದು ಬೇರೆ, ಮನೆಯಲ್ಲಿ ವರ್ಷಗಟ್ಟಲೆ ಸಾಕುವುದು ಬೇರೆ. ಎರಡನೆಯದನ್ನು ಮೊದಲು ಸಾಧಿಸಿದವಳು ಆನಾ ತಿನ್ ಎಂಬ ಇಂಗ್ಲಿಷ್ ಗೃಹಿಣಿ. ಆಕೆ 1846ರಲ್ಲಿ ಟಾರ್ಕೀ ಕರಾವಳಿಯಿಂದ ಬಟ್ಟಲಿನಾಕಾರದ ಸಣ್ಣ ಹವಳಗಳನ್ನು ಲಂಡನ್ನಿಗೆ ತಂದಳು. ಕಡಲು ದೂರ, ನೀರನ್ನು ದಿನವೂ ಬದಲಾಯಿಸುವಂತಿಲ್ಲ. ಆದುದರಿಂದ ಮನೆಯ ಕೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು, ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ನೀರನ್ನು ಅರ್ಧ ಮುಕ್ಕಾಲು ಗಂಟೆ ಕಾಲ ದಿನವೂ ಹೊಯ್ಯಬೇಕಾಗುತ್ತಿತ್ತು. ಮುಂದೆ ಆ ಪಾತ್ರೆಗಳಿಗೆ ಕಡಲಪಾಚಿಯನ್ನು ಸೇರಿಸಿದ ಮೇಲೆ ಈ ಶ್ರಮ ಕಡಮೆಯಾಯಿತು. ಬಿಸಿಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ, ಹವಳ ಅದನ್ನು ಉಸಿರಾಡುತ್ತದೆ. ಒಂದೇ ಪಾತ್ರೆಯಲ್ಲಿ ಹವಳ, ಪಕ್ಕದಲ್ಲಿ ಪಾಚಿ. ಉಷ್ಣವಲಯದ ಹವಳದಲ್ಲಿ ಆ ಪಾಚಿ ಪಕ್ಕದಲ್ಲಿರದೆ ಮೈಯೊಳಗೇ ಇರುತ್ತದೆಂಬುದನ್ನು ಆಗ ಯಾರು ಬಲ್ಲರು?

ಏಕೆಂದರೆ ಹವಳಗಳಲ್ಲಿ ಎರಡು ಬಗೆ. ಮೆಡಿಟರೇನಿಯನ್ನಿನ ಕೆಂಪು ಹವಳವಾಗಲಿ ಇಂಗ್ಲೆಂಡಿನ ಬಟ್ಟಲು ಹವಳವಾಗಲಿ ಬೆಳಕನ್ನು ಬಯಸುವವಲ್ಲ. ಕೆಂಪು ಹವಳಕ್ಕೆ ಗವಿ, ಬಂಡೆಯ ಅಡಿ, ನಸುಗತ್ತಲೆಯೇ ಇಷ್ಟ. ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿಂದು ಬದುಕುತ್ತದೆ. ಆದರೆ ಉಷ್ಣವಲಯದಲ್ಲಿ ಮೈಲಿಗಟ್ಟಲೆ ದಿಬ್ಬವನ್ನು ಕಟ್ಟತಕ್ಕ ಹವಳಗಳು ಹಾಗಲ್ಲ. ಅವು ಆಳಕ್ಕಿಳಿದರೆ ಬದುಕುವುದಿಲ್ಲವೆಂಬುದು 1842ರಲ್ಲಿ ಡಾರ್ವಿನ್ ತನ್ನ ಹವಳದ್ವೀಪಗಳ ಗ್ರಂಥವನ್ನು ಬರೆದಾಗಲೇ ತಿಳಿದಿತ್ತು. ಅವನ ಸಿದ್ಧಾಂತಕ್ಕೆ ಆಧಾರವೇ ಅದು. ಆದರೆ ಕಾರಣ? 1881ರಲ್ಲಿ ಜರ್ಮನಿಯ ಬ್ರಾಂಟ್ ಎಂಬಾತ ಕೆಲವು ಕಡಲಜೀವಿಗಳ ಮೈಯಲ್ಲಿ ಕಾಣುವ ಹಳದಿ ಕಣಗಳು ಆ ಜೀವಿಗಳ ಅಂಗವಲ್ಲ, ಒಳಗೆ ವಾಸಿಸುವ ಬೇರೆ ಪಾಚಿಗಳು ಎಂದು ಗುರುತಿಸಿ ಅವಕ್ಕೆ 'ಜೂಕ್ಸಾಂತೆಲ್ಲ' ಎಂದು ಹೆಸರಿಟ್ಟ. ಹವಳದ ಮೈಯಲ್ಲಿಯೂ ಇವು ಲಕ್ಷೋಪಲಕ್ಷವಾಗಿವೆ. ಬಾಡಿಗೆದಾರರಿದ್ದಾರೆಂಬುದು ತಿಳಿಯಿತು, ಬಾಡಿಗೆ ಏನು ಕೊಡುತ್ತಾರೆಂಬುದು ತಿಳಿಯಲಿಲ್ಲ.

ಇದನ್ನು ಕಂಡುಹಿಡಿಯಲು ಅತ್ಯಂತ ಯೋಗ್ಯನಾದವನು ಹೊರಟದ್ದು 1928ರಲ್ಲಿ. ಸಿ. ಎಂ. ಯಂಗ್ ಎಂಬ ತರುಣ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನ ಮುಂದಾಳುತನದಲ್ಲಿ ಗಂಡಸರೂ ಹೆಂಗಸರೂ ಸೇರಿದ ಒಂದು ತಂಡ ಆಸ್ಟ್ರೇಲಿಯದ ಮಹಾ ಹವಳದಿಬ್ಬದ 'ಲೋ ಐಲ್ಸ್' ಎಂಬ ಪುಟ್ಟ ದ್ವೀಪದಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಬಿಡಾರ ಹೂಡಿತು. ಯಂಗ್ ಬೆಳಕು ನುಸುಳದ ಪೆಟ್ಟಿಗೆಗಳನ್ನು ಮಾಡಿಸಿ, ಹವಳಗಳನ್ನು ಅವುಗಳೊಳಗಿಟ್ಟು ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇರಿಸಿದ. ಹವಳಗಳು ತಮ್ಮ ಪಾಚಿಗಳನ್ನು ಕಳೆದುಕೊಂಡು ಬೆಳ್ಳಗಾದುವು. ಆದರೂ ಮೇವು ಸಿಕ್ಕಿದವು ಸಾಯಲಿಲ್ಲ. ನೀರು ಅತಿಯಾಗಿ ಬಿಸಿಯಾದಾಗಲೂ ಹವಳ ಪಾಚಿಯನ್ನು ಹೊರಗೆ ಹಾಕುತ್ತದೆಂಬುದನ್ನೂ ಈ ತಂಡ ಕಂಡಿತು. ಇಷ್ಟನ್ನು ಕಂಡೂ ಯಂಗ್ ಕೊಟ್ಟ ತೀರ್ಪು ಇದು: ಹವಳ ಅಪ್ಪಟ ಮಾಂಸಾಹಾರಿ, ಪಾಚಿ ಅದರ ಕಶ್ಮಲವನ್ನು ತೆಗೆದುಹಾಕುವ ತೋಟಿಯಿರಬಹುದೇ ಹೊರತು ಅನ್ನದಾತನಲ್ಲ.

ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಯಂಗನ ಪ್ರಯೋಗದಲ್ಲಿ ಲೋಪವಿರಲಿಲ್ಲ; ಅವನು ಕೇಳಿದ ಪ್ರಶ್ನೆಯೇ ಕಿರಿದಾಗಿತ್ತು. ಹವಳವು ಪಾಚಿಯನ್ನು ಜೀರ್ಣಿಸಿಕೊಳ್ಳುತ್ತದೆಯೇ ಎಂದು ಅವನು ನೋಡಿದ. ಜೀರ್ಣಿಸಿಕೊಳ್ಳುವುದಿಲ್ಲ ಎಂಬ ಉತ್ತರ ಸರಿಯೇ. ಆದರೆ ಹಸುವನ್ನು ತಿನ್ನದೆ ಹಾಲನ್ನು ಕುಡಿಯುವುದುಂಟಷ್ಟೆ! ಪಾಚಿ ಸಾಯದೆಯೇ ತನ್ನ ಆಹಾರವನ್ನು ಹವಳಕ್ಕೆ ಸೋರಿಸಿ ಕೊಡಬಹುದೆಂಬುದನ್ನು ನೋಡುವ ಸಾಧನ ಅವನ ಬಳಿ ಇರಲಿಲ್ಲ. ಯಂಗನ ಮಾತಿಗಿದ್ದ ತೂಕದಿಂದಾಗಿ ಆ ತೀರ್ಪು ಬಹುಕಾಲ ನಿಂತಿತು.

ಅದನ್ನು ಮೊದಲು ಅಲುಗಿಸಿದವರು ಪಲಾವ್ ದ್ವೀಪದಲ್ಲಿ ಕೆಲಸಮಾಡುತ್ತಿದ್ದ ಜಪಾನೀ ವಿಜ್ಞಾನಿ ಕವಗುತಿ. ಹಗಲಿನಲ್ಲಿ ಹವಳವು ತಾನು ಉಸಿರಾಡುವುದಕ್ಕಿಂತ ಹೆಚ್ಚು ಆಮ್ಲಜನಕವನ್ನು ಹೊರಬಿಡುತ್ತದೆಂದು 1930ರ ದಶಕದಲ್ಲೇ ಅವರು ಅಳೆದಿದ್ದರು. ನಿಜವಾದ ಸಾಕ್ಷ್ಯ ದೊರೆತದ್ದು ಅಣುಯುಗದ ವಿಕಿರಣಶೀಲ ಧಾತುಗಳು ಕೈಗೆ ಬಂದ ಮೇಲೆ. 1958ರಲ್ಲಿ ಮಸ್ಕಟೈನ್ ಮತ್ತು ಹ್ಯಾಂಡ್ ಎಂಬ ಅಮೆರಿಕನ್ನರು, ಹವಳದ ದಾಯಾದಿಯಾದ ಕಡಲ ಅನಿಮೋನಿನಲ್ಲಿ ವಿಕಿರಣಶೀಲ ಇಂಗಾಲವು ಪಾಚಿಯಿಂದ ಪ್ರಾಣಿಯ ಮೈಗೆ ಹಾದುಹೋಗುವುದನ್ನು ತೋರಿಸಿದರು. ಮರುವರ್ಷವೇ ಜಮೈಕದಲ್ಲಿದ್ದ ಥಾಮಸ್ ಗೊರೊ, ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಹವಳವು ಸುಣ್ಣದ ಅಸ್ಥಿಯನ್ನು ಕತ್ತಲೆಯಲ್ಲಿ ಕಟ್ಟುವುದಕ್ಕಿಂತ ಬೆಳಕಿನಲ್ಲಿ ಹಲವು ಪಟ್ಟು ವೇಗವಾಗಿ ಕಟ್ಟುತ್ತದೆಂದು ಪ್ರಕಟಿಸಿದರು. ಪಾಚಿ ತಯಾರಿಸಿದ ಆಹಾರದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಹವಳಕ್ಕೆ ಸಂದಾಯವಾಗಬಹುದೆಂದು ಈಗ ತಿಳಿದಿದೆ. ಹವಳ ಮಾಂಸವನ್ನು ತಿನ್ನುತ್ತದೆ, ನಿಜ. ಆದರೆ ಅದರ ಮುಖ್ಯವಾದ ಊಟ ಬೆಳಕು.

ನಮ್ಮ ಕರಾವಳಿಯ ಒಂದು ಪ್ರಶ್ನೆಗೂ ಇಲ್ಲಿ ಅರ್ಧ ಉತ್ತರ ಸಿಕ್ಕುತ್ತದೆ. ಲಕ್ಷದ್ವೀಪ ಸಮೂಹದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವೆಲ್ಲ ಹವಳದಿಂದಲೇ ಆದ ನೆಲ. ಮಂಗಳೂರಿನ ಕರೆಯಲ್ಲಿ ಮಾತ್ರ ಅಂಥ ದಿಬ್ಬಗಳಿಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ಕೆಸರನ್ನು ತಂದು ಸುರಿಯುತ್ತವೆ. ಅಲೆಗಳು ತಳದ ಮಣ್ಣನ್ನು ಕದಡುತ್ತವೆ. ಆ ರಾಡಿಯಲ್ಲಿ ಬೆಳಕು ಇಳಿಯುವುದೆಲ್ಲಿ? ಮುರ್ಡೇಶ್ವರದ ಎದುರಿಗೆ, ದಡದಿಂದ ದೂರ ಸರಿದು ನಿಂತ ನೇತ್ರಾಣಿ ದ್ವೀಪದ ಸುತ್ತ ಒಂದಿಷ್ಟು ಹವಳ ಬದುಕಿಕೊಂಡಿದೆ.

ಹವಳಕ್ಕೆ ಬಿಸಿಲು ಬೇಕೆಂಬುದನ್ನು ಪ್ರಯೋಗಶಾಲೆಯ ಹೊರಗೆ ನೆಚ್ಚಿ ನಡೆದವರೂ ಇದ್ದರು. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಸಮುದ್ರದಿಂದ ಜೀವಂತ ಬಂಡೆಯ ತುಂಡುಗಳನ್ನು ತಂದು ತೊಟ್ಟಿಯಲ್ಲಿ ಜೋಡಿಸಿ, ಬಿಸಿಲು ಬೀಳುವಂತೆ ಮಾಡಿ, ಒಂದಷ್ಟು ಗಾಳಿಯ ಗುಳ್ಳೆಗಳನ್ನು ಬಿಟ್ಟು ಹವಳವನ್ನು ಬೆಳೆಸಿದರು. ಶೋಧಕ ಯಂತ್ರವಿಲ್ಲ, ಔಷಧವಿಲ್ಲ. 1961ರಲ್ಲಿ ಅವರು ತಮ್ಮ ಪದ್ಧತಿಯನ್ನು ಪ್ರಕಟಿಸಿದಾಗ ಇತರ ದೇಶಗಳ ಹವ್ಯಾಸಿಗಳಲ್ಲಿ ಹಲವರು ನಂಬಲಿಲ್ಲ. ನಂಬಿ ಮಾಡಿದವರಿಗೂ ಕೈಗೂಡಲಿಲ್ಲ; ಜಕಾರ್ತದ ಸೂರ್ಯನನ್ನು ಯುರೋಪಿಗೆ ತರುವುದು ಹೇಗೆ? ಇದೇ ಕಾಲಕ್ಕೆ, 1956ರಲ್ಲಿ, ನ್ಯೂ ಕ್ಯಾಲಿಡೋನಿಯದ ನುಮೇಯದಲ್ಲಿ ರೆನೆ ಕಟಾಲ ದಂಪತಿಗಳು ಸಮುದ್ರದ ನೀರನ್ನು ನೇರವಾಗಿ ಹರಿಯಿಸಿ ಒಂದು ಅಕ್ವೇರಿಯಮ್ಮನ್ನು ತೆರೆದಿದ್ದರು. ಆಳದಿಂದ ತಂದ ಹವಳಗಳ ಮೇಲೆ ಅಲ್ಲಿ ನೇರಿಳಾತೀತ ಕಿರಣವನ್ನು ಬಿಟ್ಟಾಗ ಅವು ಹಸುರು, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಕೆಂಡದಂತೆ ಹೊಳೆದುವು.

ಸೂರ್ಯನಿಗೆ ಬದಲಿ ಹುಡುಕುವುದೇ ಆಮೇಲಿನ ಇತಿಹಾಸ. ಕೊಳವೆ ದೀಪಗಳ ಮಂದ ಬೆಳಕಿನಲ್ಲಿ ಮೆತ್ತನೆಯ ಹವಳಗಳು ಬದುಕಿದುವು, ಕವಲುಗಳವು ಸತ್ತುವು. 1970, 80ರ ದಶಕಗಳಲ್ಲಿ ಜರ್ಮನಿಯ ಹವ್ಯಾಸಿಗಳು ಆಟದ ಮೈದಾನಗಳಿಗೆ ಬಳಸುವಂಥ ಲೋಹ-ಹಾಲೈಡ್ ದೀಪಗಳನ್ನು ತೊಟ್ಟಿಯ ಮೇಲೆ ತೂಗುಹಾಕಿದರು; ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಆಡೀ 1980ರಲ್ಲಿ ಒಂದು ಇಡೀ ಹವಳದಿಬ್ಬದ ಪ್ರತಿಕೃತಿಯನ್ನು ಅಂಥ ದೀಪಗಳ ಕೆಳಗೆ ನಡೆಸಿ ತೋರಿಸಿದರು. ದೀಪ ಪ್ರಖರವಾಗಿದ್ದರೆ ಸಾಲದು, ಬಣ್ಣವೂ ಒಪ್ಪಬೇಕೆಂಬುದು ಇವರಿಗೆಲ್ಲ ಅನುಭವದಿಂದ ತಿಳಿಯಿತು. ನೀರು ಕೆಂಪನ್ನು ಮೊದಲು ನುಂಗುತ್ತದೆ; ಹತ್ತು ಮೀಟರು ಇಳಿಯುವಷ್ಟರಲ್ಲಿ ಅದು ಬಹುಮಟ್ಟಿಗೆ ಮುಗಿದಿರುತ್ತದೆ. ನೀಲಿ ಮಾತ್ರ ಆಳಕ್ಕಿಳಿಯುತ್ತದೆ. ಹವಳದ ಪಾಚಿ ಆ ನೀಲಿಗೇ ಒಗ್ಗಿಕೊಂಡಿದೆ. ಈಗಿನ ಎಲ್‌ಇಡಿ ದೀಪಗಳು ಹವಳದ ತೊಟ್ಟಿಯ ಮೇಲೆ ಬೆಳುದಿಂಗಳಿನಂಥ ನೀಲಿಯನ್ನು ಚೆಲ್ಲುವುದು ಅಂದಕ್ಕಾಗಿ ಮಾತ್ರವಲ್ಲ.

ಜರ್ಮನಿಯಲ್ಲಿರುವ ನನ್ನ ಅಣ್ಣನ ಮಗನ ಮನೆಯಲ್ಲಿ ಇಂಥದೊಂದು ತೊಟ್ಟಿಯಿದೆ. ಅಲ್ಲಿಗೆ ಹೋಗಿದ್ದಾಗ ಅವನು ಹೊಸ ಹವಳದ ತುಂಡೊಂದನ್ನು ತಂದು, ದೀಪದ ಕೆಳಗೆ ಇಡದೆ, ತಳದ ಮರಳಿನ ಮೇಲಿಟ್ಟ. ಇಷ್ಟು ದುಬಾರಿಯ ದೀಪವಿಟ್ಟುಕೊಂಡು ಇದನ್ನೇಕೆ ಮೂಲೆಗೆ ಹಾಕುತ್ತೀಯೆ ಎಂದು ಕೇಳಿದೆ. "ಬೆಳಕು ಕಡಿಮೆಯಾದ್ರೆ ನಿಧಾನಕ್ಕೆ ಸಾಯುತ್ತೆ ಚಿಕ್ಕಪ್ಪ, ಜಾಸ್ತಿಯಾದ್ರೆ ಒಂದೇ ವಾರದಲ್ಲಿ" ಎಂದ. ಪಾಚಿ ಅಳತೆಮೀರಿ ಬೆಳಕನ್ನು ಕುಡಿದರೆ ಅದರಿಂದ ಹುಟ್ಟುವ ಆಮ್ಲಜನಕವೇ ವಿಷವಾಗಿ, ಹವಳ ಅದನ್ನು ಹೊರದಬ್ಬುತ್ತದಂತೆ. ಬೆಳಕಿನ ಕಣಗಳನ್ನೆಣಿಸುವ ಮೀಟರೊಂದು ಅವನ ಬಳಿ ಇತ್ತು. ಉಷ್ಣವಲಯದ ನಡುಹಗಲಲ್ಲಿ ಸಮುದ್ರದ ಮೇಲೆ ಅದು ಸುಮಾರು 2000 ತೋರಿಸುತ್ತದೆ. ತೊಟ್ಟಿಯಲ್ಲಿ ಕವಲು ಕವಲಾದ ಅಕ್ರೋಪೋರಕ್ಕೆ 200ರಿಂದ 400 ಬೇಕು. ಅದನ್ನು ಬಂಡೆಯ ನೆತ್ತಿಯಲ್ಲಿಡುತ್ತಾರೆ. ಅಣಬೆಯಂಥ ಮೆತ್ತನೆಯವಕ್ಕೆ 50ರಿಂದ 150 ಸಾಕು. ಅವು ಇಳಿಜಾರಿನ ನೆರಳಿನಲ್ಲಿ. ಉಳಿದವು ನಡುವೆ. ಹೊಸದನ್ನು ಕೆಳಗಿಟ್ಟು ವಾರಕ್ಕಿಷ್ಟೆಂದು ಮೇಲೇರಿಸುವುದು ಪದ್ಧತಿ. 'ಸೂರ್ಯ ಹವಳ'ವೆಂದು ಹೆಸರಾದ ಕಿತ್ತಳೆ ಬಣ್ಣದ ಒಂದು ಜಾತಿ ಇದೆ; ಅದರ ಮೈಯಲ್ಲಿ ಪಾಚಿಯೇ ಇಲ್ಲ, ಅದನ್ನು ಗುಹೆಯಂಥ ಸಂದಿನಲ್ಲಿಟ್ಟು ಕೈಯಾರೆ ಉಣಿಸಬೇಕು! ಹೆಸರಿಡುವವರು ಎಲ್ಲ ಭಾಷೆಗಳಲ್ಲೂ ಒಂದೇ ಬಗೆಯವರು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿವೆಯಾದ್ದರಿಂದ ಓದುಗರು ಇದನ್ನು ಮನೆಯಲ್ಲಿ ಪರೀಕ್ಷಿಸುವ ಸಾಹಸಕ್ಕೆ ಹೋಗತಕ್ಕದ್ದಲ್ಲ.

ಹೆಸರಿನ ಮಾತು ಬಂದುದರಿಂದ ವಿದ್ರುಮಕ್ಕೆ ಮರಳುತ್ತೇನೆ. ಹವಳದ ಮೈಯೊಳಗೆ ಸಸ್ಯದಂತೆ ಬೆಳಕುಣ್ಣುವ ಪಾಚಿಯಿದೆಯೆಂದು ಕೇಳಿದೊಡನೆ, "ನೋಡಿದಿರಾ, ವಿಲಕ್ಷಣವಾದ ಮರವೆಂದು ನಮ್ಮ ಹಿರಿಯರು ಎಂದೋ ಹೇಳಿಟ್ಟಿದ್ದಾರೆ" ಎನ್ನುವವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಈ ಸಮಾಧಾನ ಸಲ್ಲದು. ಆ ಹೆಸರನ್ನು ಹೊತ್ತ ಹವಳ ಮೆಡಿಟರೇನಿಯನ್ನಿನ ಕೆಂಪು ಹವಳ. ಅದು ಕತ್ತಲೆಯ ಪ್ರಾಣಿ, ಅದರೊಳಗೆ ಅಂಥ ಪಾಚಿಯೇ ಇಲ್ಲ. ಮರವೆಂಬ ಹೆಸರು ಯಾವುದಕ್ಕೆ ಕೊಂಚವಾದರೂ ಒಪ್ಪುತ್ತಿತ್ತೋ ಆ ಲಕ್ಷದ್ವೀಪದ ಹವಳವನ್ನು ನಮ್ಮ ಕವಿಗಳು ಕಣ್ಣೆತ್ತಿ ನೋಡಲಿಲ್ಲ. ಅದನ್ನು ಸುಟ್ಟು ಸುಣ್ಣ ಮಾಡಿಕೊಂಡವರಿಗೆ ಅದು ಬರಿಯ ಕಲ್ಲು. ಕೊಂಬೆಯ ಆಕಾರವನ್ನು ನೋಡಿ ಮರವೆಂದರು, ಅಷ್ಟೆ. ಪ್ಲಿನಿಯೂ ಹಾಗೆಯೇ ಮಾಡಿದ, ಮಾರ್ಸಿಲಿಯೂ ಹಾಗೆಯೇ ಮಾಡಿದ. ಪದದ ಚೆಲುವಿಗೆ ಇದರಿಂದ ಕುಂದೇನೂ ಇಲ್ಲ.

ಯಂಗನ ಪೆಟ್ಟಿಗೆಗಳಲ್ಲಿ ಬೆಳ್ಳಗಾದ ಹವಳ ಈಗ ಪ್ರಯೋಗಶಾಲೆಯ ವಿಚಿತ್ರವಾಗಿ ಉಳಿದಿಲ್ಲ. ಕಡಲು ಕಾದಾಗ ದಿಬ್ಬಕ್ಕೆ ದಿಬ್ಬವೇ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬಿಸಿನೀರಿನ ಜೊತೆಗೆ ಪ್ರಖರವಾದ ಬಿಸಿಲೂ ಸೇರಿದರೆ ಕೇಡು ಇನ್ನೂ ಬೇಗ. 1998ರಲ್ಲಿ, 2010ರಲ್ಲಿ, 2016ರಲ್ಲಿ ಲಕ್ಷದ್ವೀಪದ ಹವಳ ಹೀಗೆ ನರಳಿತು. ಜಗತ್ತಿನ ಹವಳಕ್ಕೆ ಇದು ನಾಲ್ಕನೆಯ ಸಲ ಒದಗಿದೆಯೆಂದು 2024ರಲ್ಲಿ ವಿಜ್ಞಾನಿಗಳು ಸಾರಿದರು. ಕೆಲವು ವಾರಗಳೊಳಗೆ ನೀರು ತಣ್ಣಗಾದರೆ ಪಾಚಿ ಮರಳಿ ಸೇರಿಕೊಳ್ಳುತ್ತದೆ. ಇಲ್ಲವಾದರೆ, ಅನ್ನವಿಲ್ಲದೆ ಹವಳ ಸಾಯುತ್ತದೆ.

ಹೀಗಾಗಿ ಒಂದು ಕಾಲದ ಹವ್ಯಾಸಿಗಳ ವಿದ್ಯೆ ಈಗ ಆಪತ್ಕಾಲದ ವಿದ್ಯೆಯಾಗಿದೆ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಜೇಮಿ ಕ್ರಾಗ್ಸ್ ಎಂಬವರ ತಂಡ 2012ರಿಂದ ಹಿಡಿದ ಹಟ ಇದು: ಹವಳವನ್ನು ಬದುಕಿಸಿಟ್ಟರೆ ಸಾಲದು, ತೊಟ್ಟಿಯಲ್ಲೇ ಸಂತಾನವಾಗಬೇಕು. ಸಮುದ್ರದಲ್ಲಿ ಹಲವು ಜಾತಿಯ ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಒಟ್ಟಿಗೆ ಬೀಜವನ್ನು ನೀರಿಗೆ ಬಿಡುತ್ತವೆ. ಇವಕ್ಕೆ ಬೆಳಕು ಅನ್ನವಷ್ಟೇ ಅಲ್ಲ, ಪಂಚಾಂಗವೂ ಹೌದು. ಕ್ರಾಗ್ಸ್ ತಂಡದವರು ದೂರದ ದಿಬ್ಬದ ಸೂರ್ಯೋದಯ, ಸೂರ್ಯಾಸ್ತ, ಋತುಮಾನದ ಶಾಖ ಇವುಗಳನ್ನೆಲ್ಲ ಯಂತ್ರದಿಂದ ಅನುಕರಿಸಿ, ಚಂದ್ರನ ವೃದ್ಧಿಕ್ಷಯಗಳನ್ನು ಸಣ್ಣದೊಂದು ಎಲ್‌ಇಡಿ ದೀಪದಿಂದ ನಡೆಸಿದರು. ಹವಳಗಳು ಆ ದೀಪದ ಹುಣ್ಣಿಮೆಯನ್ನು ನಂಬಿ ಬೀಜ ಬಿಟ್ಟುವು. 2017ರಲ್ಲಿ ಅವರು ಈ ವಿಧಾನವನ್ನು ಪ್ರಕಟಿಸಿದರು. ಫ್ಲಾರಿಡದ ಕಡಲಲ್ಲಿ ಕಂಬದಂತೆ ನಿಲ್ಲುವ ಒಂದು ಹವಳವಿತ್ತು; 2014ರಿಂದ ಹಬ್ಬಿದ ರೋಗಕ್ಕೆ ಸಿಕ್ಕಿ ಅದು ಅಲ್ಲಿ ಬಹುತೇಕ ಅಳಿದುಹೋಯಿತು. ಅಳಿಯುವ ಮೊದಲು ಕೆಲವು ತುಂಡುಗಳನ್ನು ತೆಗೆದು ನೆಲದ ಮೇಲಿನ ತೊಟ್ಟಿಗಳಲ್ಲಿ ಇಟ್ಟಿದ್ದರು. 2019ರ ಆಗಸ್ಟ್ ತಿಂಗಳಿನಲ್ಲಿ, ಸೂರ್ಯನೂ ಚಂದ್ರನೂ ದೀಪಗಳೇ ಆಗಿದ್ದ ಅಂಥ ಒಂದು ತೊಟ್ಟಿಯಲ್ಲಿ ಅವು ಮರಿಹಾಕಿದುವು.